ಅಕ್ಕನ ಕಪ್ಪು ಕಾಯಿಗಳು

ನಾನು ಚಿಕ್ಕವನಿದ್ದಾಗ ಯಶವಂತಪುರದ ನಮ್ಮ ಮನೆಗೆ ದಿನವಿಡೀ ರೈಲಿನ ಕೂಗು ಕೇಳುತ್ತಿತ್ತು. ಆದರೆ ನಾನು ಒಮ್ಮೆಯೂ ರೈಲು ಹತ್ತಿರಲಿಲ್ಲ, ಮಕ್ಕಳೇ! ಶಾಲೆಯ ಚದುರಂಗ ಪಂದ್ಯಾವಳಿಯಲ್ಲಿ ಗೆದ್ದ ಒಬ್ಬರನ್ನು ರೈಲಿನಲ್ಲಿ ಮೈಸೂರಿನ ಪಂದ್ಯಕ್ಕೆ ಕರೆದೊಯ್ಯುತ್ತಾರೆ ಎಂದಾಗ ನನಗೆ ಊಟವೂ ಸೇರಲಿಲ್ಲ.

ಕೊನೆಯ ಆಟಕ್ಕೆ ಉಳಿದವರು ಯಾರು ಗೊತ್ತೇ? ನಾನು ಮತ್ತು ನಮ್ಮ ಅಕ್ಕ! ಇಬ್ಬರಿಗೂ ಆಟ ಕಲಿಸಿದವರು ಅಪ್ಪ. ನನಗೆ ಬಿಳಿ ಕಾಯಿ ಬಂತು, ಅವಳಿಗೆ ಕಪ್ಪು.

ಸೀಮೆಸುಣ್ಣದ ವಾಸನೆಯ ಆ ಕೋಣೆಯಲ್ಲಿ ನಾನು ಮಂತ್ರಿ, ಆನೆ, ಕುದುರೆ ಎಲ್ಲವನ್ನೂ ಒಂದೇ ಸಮನೆ ನುಗ್ಗಿಸಿದೆ. ಅಕ್ಕನೋ, ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಯೋಚಿಸುವುದು, ಯೋಚಿಸಿ ಯೋಚಿಸಿ ಒಂದು ಸಿಪಾಯಿಯನ್ನು ಒಂದೇ ಮನೆ ಸರಿಸುವುದು. ರಾಜನ ಸುತ್ತ ಬೇಲಿ ಹಾಕಿಕೊಂಡು ಕೂತೇಬಿಟ್ಟಳು. ಎಲ್ಲಿ ನುಗ್ಗಿದರೂ ಅಲ್ಲೊಂದು ಕಪ್ಪು ಕಾಯಿ! ನನಗೆ ಮೈಯೆಲ್ಲ ಉರಿದುಹೋಯಿತು.

“ಬೇಗ ಆಡೇ! ಎಷ್ಟೊತ್ತು?” ಎಂದೆ.

“ಟೈಮಿದೆ ಕಣೋ, ಸುಮ್ನಿರು,” ಎಂದಳು ತಲೆಯನ್ನೂ ಎತ್ತದೆ.

ಸಿಟ್ಟಿನಲ್ಲಿ ಕುದುರೆಗಳನ್ನೂ ಆನೆಯನ್ನೂ ಕಳೆದುಕೊಂಡೆ. ಆಗ ಅವಳ ಮಂತ್ರಿ ಮೆಲ್ಲಗೆ ಹೊರಬಂದು ನನ್ನ ರಾಜನಿಗೆ ಚೆಕ್ ಕೊಟ್ಟಿತು. ನಾನು ಹೆದರಲಿಲ್ಲ. ನಮ್ಮ ಮನೆಯ ಆಟದಲ್ಲಿ, ಕಷ್ಟಕ್ಕೆ ಸಿಕ್ಕ ರಾಜ ಒಂದು ಸಲ ಕುದುರೆಯಂತೆ ಹಾರಬಹುದಿತ್ತು. ಠೀವಿಯಿಂದ ಹಾರಿಸಿದೆ.

ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು ನಕ್ಕರು. “ಇಲ್ಲಿ ರಾಜ ಹಾರೋ ಹಾಗಿಲ್ಲಪ್ಪ. ವಾಪಸ್ ಇಡು.”

“ನಮ್ಮಪ್ಪ ಹಿಂಗೇ ಹೇಳ್ಕೊಟ್ಟಿರೋದು ಸಾರ್!”

“ನಾನು ಮುಂಚೇನೇ ಸಾರ್‌ನ ಕೇಳ್ಕೊಂಡೆ. ನೀನ್ಯಾಕೆ ಕೇಳ್ಲಿಲ್ಲ?” ಎಂದಳು ಅಕ್ಕ.

ರಾಜನಿಗೆ ಹೋಗಲು ಬೇರೆ ಮನೆಯೇ ಇರಲಿಲ್ಲ. ಆಟ ಮುಗಿಯಿತು, ಮೈಸೂರಿನ ರೈಲು ಅವಳದಾಯಿತು. ನಮ್ಮನ್ನು ಕರೆದೊಯ್ಯಲು ಬಂದ ಅಪ್ಪ, “ಆತುರಗಾರನಿಗೆ ಬುದ್ಧಿ ಮಟ್ಟ ಕಣೋ,” ಎಂದರು. ಹಾರುವ ರಾಜನನ್ನು ಕಲಿಸಿದವರೇ ಹೀಗೆ ಹೇಳುವುದೇ? ಎಂಥ ಅನ್ಯಾಯ! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಹೆಬ್ಬಾಳದ ಈ ಫ್ಲಾಟಿನಲ್ಲಿ ಕೂತು ನೀವು ಫೋನಿನಲ್ಲೇ ಚದುರಂಗ ಆಡುತ್ತೀರಿ. ಸೋತರೆ ಬೆರಳಿನಿಂದ ಒಮ್ಮೆ ಒತ್ತುತ್ತೀರಿ. ಸೋಲಿಸಿದವನು ಮಾಯ! ಅವನ ಮುಖವನ್ನೂ ನೋಡಬೇಕಾಗಿಲ್ಲ. ನನಗೆಲ್ಲಿತ್ತು ಆ ಭಾಗ್ಯ? ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಅಕ್ಕ ಮುಂದೆ, ನಾನು ಹಿಂದೆ. ಅಳು ನುಂಗಿಕೊಂಡು, ಬೀಳಬಾರದೆಂದು, ನನ್ನನ್ನು ಸೋಲಿಸಿದವಳ ಸೊಂಟವನ್ನೇ ಮನೆ ಬರುವವರೆಗೂ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದೆ.