ಗೋಳಗುಚ್ಛಕ್ಕೆ ಹೊರಿಸಿದ ಮುಪ್ಪು

ನನ್ನ ಪಿಎಚ್‌ಡಿ ಗೈಡ್ ಕನ್ನಡದವರು. ದಿಲ್ಲಿಯಲ್ಲೂ ನಮ್ಮವರೇ ಸಿಕ್ಕರಲ್ಲ ಎಂದು ಅಪ್ಪ ಮಯೂರ್ ವಿಹಾರ್‌ನ ನಮ್ಮ ಸೊಸೈಟಿ ತುಂಬ ಹೇಳಿಕೊಂಡು ಬಂದರು. ನಮ್ಮವರಾದ ಮಾತ್ರಕ್ಕೆ ಎಣಿಕೆ ಸರಿಬರುತ್ತದೆಯೇ?

ಲಕ್ಷಾಂತರ ನಕ್ಷತ್ರಗಳು ಒತ್ತೊತ್ತಾಗಿ ಸೇರಿದ ಒಂದು ಗೋಳಗುಚ್ಛ ಒಳಗೊಳಗೇ ಎಷ್ಟು ಮುದಿಯಾಗಿದೆ ಎಂದು ತಿಳಿಯುವುದು ನನ್ನ ಕೆಲಸ. ಇಂಥ ಗುಚ್ಛಗಳು ಹುಟ್ಟಿದ್ದು ಹೆಚ್ಚುಕಡಿಮೆ ಒಂದೇ ಕಾಲಕ್ಕಾದರೂ ಎಲ್ಲಕ್ಕೂ ಒಂದೇ ವೇಗದಲ್ಲಿ ಮುಪ್ಪು ಬರುವುದಿಲ್ಲ. ಅಕ್ಕಿ ಗಾಳಿಸುವಾಗ ಕಲ್ಲು ತಳ ಸೇರುವಂತೆ, ಕಾಲ ಕಳೆದಂತೆಲ್ಲ ಭಾರದ ನೀಲಿ ನಕ್ಷತ್ರಗಳು ನಡುವಿಗೆ ಇಳಿಯುತ್ತವೆ. ಸಾಧಾರಣ ನಕ್ಷತ್ರಗಳಿಗಿಂತ ಅವು ಎಷ್ಟು ಹೆಚ್ಚಾಗಿ ನಡುವಿನಲ್ಲಿ ಗುಂಪುಗೂಡಿವೆಯೋ ಗುಚ್ಛ ಅಷ್ಟು ಮುದಿ. ನಮ್ಮದು ಹಣ್ಣುಹಣ್ಣು ಮುದುಕ ಎಂದು ಗೈಡ್ ಆಗಲೇ ಊರೆಲ್ಲ ಸಾರಿಬಿಟ್ಟಿದ್ದರು. ಪೇಪರ್ ಬರೆದವಳು ನಾನು. ಅದು ಅಚ್ಚಾಗದೆ ನನಗೆ ಡಿಗ್ರಿ ಇಲ್ಲ.

ಸರ್ಕಾರಿ ಗುಮಾಸ್ತರಾಗಿದ್ದ ಅಪ್ಪ ಹಿಂದೆ ಯಾವುದೋ ಸರ್ವೆಗೆಂದು ಲಕ್ಷ್ಮೀ ನಗರದ ಬಾಡಿಗೆ ಕೋಣೆಗಳನ್ನು ಸುತ್ತಿದವರು. ಒಂದು ದಿನ ಊಟಕ್ಕೆ ಕೂತಾಗ ಕೇಳಿದರು: "ಗಿಜಿಗಿಜಿ ಇರೋ ಕಡೆ ಸಣ್ಣಪುಟ್ಟೋರು ಎಣಿಕೆಗೆ ತಪ್ಪಿಹೋಗ್ತಾರಮ್ಮ. ನಿಮ್ಮಲ್ಲಿ ಹಾಗಾಗಲ್ವಾ?"

"ಅಪ್ಪಾ, ಇದು ಸರ್ವೆ ಅಲ್ಲ, ಸೈನ್ಸ್" ಎಂದು ಮೂಗು ಮುರಿದೆ.

ಆದರೆ ಅಪ್ಪ ತಲೆಗೆ ಹುಳ ಬಿಟ್ಟಾಗಿತ್ತು. ಟೈಮ್ ವೇಸ್ಟ್ ಎಂದು ಗೈಡ್ ಕೈಬಿಡಿಸಿದ್ದ ಪರೀಕ್ಷೆಯನ್ನು ಮಾಡಿಯೇ ನೋಡಿದೆ: ಟೆಲಿಸ್ಕೋಪ್ ತೆಗೆದ ಚಿತ್ರದೊಳಗೆ ನಾವೇ ಸುಳ್ಳು ನಕ್ಷತ್ರಗಳನ್ನು ಬಿತ್ತಿ, ಎಣಿಸುವ ಪ್ರೋಗ್ರಾಂ ಎಷ್ಟನ್ನು ಹಿಡಿಯುತ್ತದೆ ಎಂದು ನೋಡುವುದು. ಅಂಚಿನಲ್ಲಿ ಬಿತ್ತಿದವೆಲ್ಲ ಸಿಕ್ಕವು. ನಡುವಿನಲ್ಲಿ, ದೊಡ್ಡವುಗಳ ಬೆಳಕಿನ ಮಧ್ಯೆ, ಮಂಕಾದವು ಅರ್ಧಕ್ಕರ್ಧ ಮಾಯ. ಅಲ್ಲಿನ ಮಂಕಾದ ಸಾಧಾರಣ ನಕ್ಷತ್ರಗಳಲ್ಲಿ ಅರ್ಧದಷ್ಟನ್ನು ನಾವು ಎಣಿಸಿಯೇ ಇರಲಿಲ್ಲ. ಅದಕ್ಕೇ ಹೊಳೆಯುವ ನೀಲಿಯವು ಹೆಚ್ಚಾಗಿ ಕಂಡದ್ದು. ಸರಿಪಡಿಸಿದರೆ ನಮ್ಮ ಮುದುಕನಿಗೆ ಬರೀ ನಡುವಯಸ್ಸು.

ಗೈಡ್ ಗ್ರಾಫ್ ನೋಡುತ್ತ ಚಹಾ ಹೀರಿದರು. "ಅಚ್ಛಾ. ನಡುವಯಸ್ಸು ಅಂದ್ರೆ ಯಾರು ಓದ್ತಾರೆ? ರೆಫರೀ ಕೇಳಿದ್ರೆ ನೋಡೋಣ. ಚಲೋ, ಹಾಗೇ ಕಳಿಸು."

ಬ್ರಹ್ಮಾಂಡದ ಗುಟ್ಟು ಬಿಡಿಸುವ ಮಹಾಶಯರ ವಿಜ್ಞಾನ ಇಷ್ಟೇ! ಇದಕ್ಕೆ ಪ್ರೊಫೆಸರ್ ಕುರ್ಚಿ, ಹಾರ, ಶಾಲು ಬೇರೆ. ಸರೋಜಿನಿ ನಗರದ ಬೀದಿಯಲ್ಲಿ ಬಟ್ಟೆ ಮಾರುವ ಭಯ್ಯಾ ಇವರಿಗಿಂತ ವಾಸಿ. ಹೊಲಿಗೆ ಬಿಟ್ಟ ಕುರ್ತಾವನ್ನು ಅವನು ತೋರಿಸಿಯೇ ಮಾರುತ್ತಾನೆ.

ಜರ್ನಲ್ ಪರವಾಗಿ ಪೇಪರ್ ಪರಿಶೀಲಿಸಿದ ರೆಫರೀ ಕೇಳಲಿಲ್ಲ. ಪೇಪರ್ ಅಚ್ಚಾಯಿತು, ನನ್ನ ಹೆಸರಿನ ಹಿಂದೆ ಡಾಕ್ಟರ್ ಬಂತು. ಗೈಡನ್ನು ಇವತ್ತಿಗೂ ಸಿಕ್ಕವರೆದುರೆಲ್ಲ ಬೈಯುತ್ತೇನೆ. ಕಳಿಸುವ ಬಟನ್ ಒತ್ತಿದವಳು ನಾನೇ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ, ಅಪ್ಪನಿಗೂ.