ವಡಾಳಾ ಏಳು ನಿಮಿಷ

ನನ್ನ ತಮ್ಮ ಶಿವಪುತ್ರ ದೂರವನ್ನು ಮೈಲಿಯಲ್ಲಿ ಹೇಳುತ್ತಿರಲಿಲ್ಲ, ನಿಮಿಷದಲ್ಲಿ ಹೇಳುತ್ತಿದ್ದ. ಆಂಟಾಪ್ ಹಿಲ್‌ನ ನಮ್ಮ ಚಾಳಿನಿಂದ ಹಾಲಿನ ಬೂತು ಒಂದೂವರೆ ನಿಮಿಷ. ವಡಾಳಾ ಸ್ಟೇಷನ್ ಏಳು ನಿಮಿಷ. ಬಾಂದ್ರಾ ಮೂವತ್ತೆರಡು. ಊರಿಂದ ಹೊಸದಾಗಿ ಬಂದವರು ದಾರಿ ಕೇಳಿದರೆ ಅವರಿಗೂ ಹಾಗೇ ಹೇಳಿ ಕಳಿಸುತ್ತಿದ್ದ. ಅವರು ಗಂಟು ಹೊತ್ತು ಅರ್ಧ ತಾಸು ನಡೆದು, ಮರಳಿ ಬಂದಾಗ ಅವನಿಗೆ ಬೈಯುತ್ತಿದ್ದರು.

"ನಾ ಓಡೂ ಲೆಕ್ಕ ಹೇಳೀನ್ರಿ ಕಾಕಾ. ನೀವು ನಡಿಯೂ ಲೆಕ್ಕ ಹಿಡದ್ರ ಹೆಂಗ?" ಎಂದು ನಗುತ್ತಿದ್ದ.

ಕಪ್ಪಗೆ, ತೆಳ್ಳಗೆ, ಉದ್ದ ಕಾಲಿನ ಹುಡುಗ. ಕುಳಿತಾಗಲೂ ಹಿಮ್ಮಡಿ ನೆಲಕ್ಕೆ ಹತ್ತುತ್ತಿರಲಿಲ್ಲ. ಉಣ್ಣುವಾಗ ಮಾತ್ರ ಅಲ್ಲಾಡುತ್ತಿರಲಿಲ್ಲ. ಬಡಿಸಿದ್ದನ್ನು ಬಿಡುತ್ತಿರಲಿಲ್ಲ, ಇನ್ನಷ್ಟು ಬೇಕು ಎಂದು ಕೇಳುತ್ತಲೂ ಇರಲಿಲ್ಲ. ರೇಷನ್ನಿನ ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದಂಥದು. ಅದನ್ನೂ ನೀರು ಕುಡಿದು ಇಳಿಸುತ್ತಿದ್ದ. "ದೂರ ಅನ್ನೂದು ಕಾಲಿಗಿರಂಗಿಲ್ಲಕ್ಕಾ, ಹೊಟ್ಟಿಗಿರತೈತಿ" ಅನ್ನುವುದು ಅವನ ಮಾತು. ನಮ್ಮ ಅವ್ವ ತೀರಿಕೊಂಡ ಮೇಲೆ ಆ ಹೊಟ್ಟೆ ನನ್ನ ಕೈಯಲ್ಲಿತ್ತು. ಅಪ್ಪ ಗವಂಡಿ, ಬೆಳಗಾದರೆ ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಒಲೆಯ ಮುಂದೆ ಕುಳಿತವಳು. ತಮ್ಮನ ಬಗ್ಗೆ ಬರೆಯಲು ಕುಳಿತರೆ ನಾನು ಮಾಡಿದ್ದನ್ನೂ ಬರೆಯಬೇಕಾಗುತ್ತದೆ. ಅದಕ್ಕೇ ಇಷ್ಟು ವರ್ಷ ಬರೆಯಲಿಲ್ಲ.

ಅವನು ದಿನಾ ಬೆಳಗ್ಗೆ ಬಾಂದ್ರಾದ ತನಕ ಓಡಿ ಒಂದು ಉಡುಪಿ ಹೋಟೆಲಿನ ಹಿಂದಿನ ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದ. ಆ ಹೋಟೆಲಿನ ಸ್ಟೋರ್ ನೋಡಿಕೊಳ್ಳುತ್ತಿದ್ದವರು ಸಂಜೀವಣ್ಣ. ಹಿಂದೆ ಮಿಲಿಟರಿಯಲ್ಲಿದ್ದು ದೂರದ ಓಟ ಓಡಿದವರು, ಮೊಣಕಾಲು ಕೆಟ್ಟು ಮರಳಿದವರು. ಒಂದು ದಿನ ಇವನನ್ನು ನಿಲ್ಲಿಸಿ, ಹಳೆಯ ಗಡಿಯಾರ ಹಿಡಿದು, ಮತ್ತೊಮ್ಮೆ ಓಡಿಸಿ ನೋಡಿದರಂತೆ. ಅಂದಿನಿಂದ ಅವನಿಗೆ ಗುರು ಅವರೇ. ಒಂದು ದೊಡ್ಡ ಕಂಪನಿಯವರು ಓಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ದೀಪಾವಳಿ ಮುಗಿದ ಮೇಲೆ ಪರೀಕ್ಷೆ ಇರುತ್ತದೆ ಎಂಬ ಸುದ್ದಿ ತಂದವರೂ ಅವರೇ. ಪಾಸಾದರೆ ಕಾಯಂ ನೌಕರಿ.

ಆ ಬೇಸಿಗೆಯಲ್ಲಿ ಶಿವಪುತ್ರನ ಬಲಗಾಲು ಕೈಕೊಟ್ಟಿತು. ಅಡಿ ಸವೆದ ಕ್ಯಾನ್ವಾಸ್ ಬೂಟು, ಡಾಂಬರು ರಸ್ತೆ. ಮೊಣಕಾಲಿನ ಕೆಳಗೆ ಎಲುಬು ಕೂದಲೆಳೆಯಷ್ಟು ಸೀಳಿದೆ ಎಂದರು ಡಾಕ್ಟರು. ಆರು ವಾರ ಪ್ಲಾಸ್ಟರ್. ಅದನ್ನು ಒಡೆದ ದಿನ ನೋಡಿದರೆ ಆ ಕಾಲು ಸಣ್ಣ ಹುಡುಗನ ಕಾಲಿನಂತಾಗಿತ್ತು.

ಸಂಜೀವಣ್ಣ ಆ ಆದಿತ್ಯವಾರವೇ ನಮ್ಮ ಖೋಲಿಗೆ ಬಂದರು. ಬಾಗಿಲಲ್ಲೇ ಕುಳಿತು, ಒಂದು ನೂಲಿನ ದಾರ ತೆಗೆದು ಅವನ ಮೀನಖಂಡಕ್ಕೆ ಸುತ್ತಿ, ಎಲ್ಲಿಗೆ ಮುಟ್ಟಿತೋ ಅಲ್ಲಿ ಗಂಟು ಹಾಕಿದರು. "ಪ್ರತಿ ವಾರ ಬಂದು ಸುತ್ತಿ ನೋಡ್ತೇನೆ. ಕಾಲು ತುಂಬಿದ ಹಾಗೆ ಗಂಟು ಹಿಂದೆ ಬೀಳಬೇಕು" ಎಂದರು. ಆಮೇಲೆ ಹೇಳಿಕೊಟ್ಟರು. ಈಗ ಓಟ ಇಲ್ಲ. ಮೊದಲ ಮೂರು ವಾರ ಚಾಳಿನ ಮೆಟ್ಟಿಲ ಅಂಚಿಗೆ ಬೆರಳೂರಿ ಹಿಮ್ಮಡಿ ಎತ್ತುವುದು, ಇಳಿಸುವುದು. ಆಮೇಲೆ ಬಸ್ಕಿ. ಆಮೇಲೆ ಕೆಳಗಿನ ನಲ್ಲಿಯಿಂದ ಎರಡು ಕೈಯಲ್ಲಿ ಎರಡು ಬಕೆಟ್ ನೀರು ಮೂರನೇ ಮಾಳಿಗೆಗೆ. ಅದಾದ ಮೇಲೆ ಹೆಗಲ ಮೇಲೆ ಮರಳಿನ ಚೀಲ.

ಊಟದ ಮಾತು ಬಂದಾಗ ನನ್ನ ಕಡೆ ತಿರುಗಿದರು. "ನೋಡು ತಂಗಿ, ನೆನೆಹಾಕಿದ ಶೇಂಗಾ, ಮೊಳಕೆ ಹೆಸರು, ಬಾಳೆಹಣ್ಣು, ಅರ್ಧ ಲೀಟರ್ ಹಾಲು. ಮತ್ತೆ ದಿನಕ್ಕೆ ನಾಲ್ಕು ಮೊಟ್ಟೆ. ಮೀನು ಹೇಳುವುದಿಲ್ಲ, ನಿಮ್ಮಲ್ಲಿ ಆಗ್ಲಿಕ್ಕಿಲ್ಲ."

ಮೊಟ್ಟೆಗೆ ನಮ್ಮ ಕಡೆ ತತ್ತಿ ಅನ್ನುತ್ತಾರೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ತತ್ತಿಯೂ ಆಗುವುದಿಲ್ಲ. ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು. "ಆಗದಿದ್ರೆ ಬೇಡ ಮಾರಾಯ್ತಿ, ತೊಂದರೆ ಇಲ್ಲ. ಹಾಲಿನಲ್ಲಿ, ಬೇಳೆಯಲ್ಲಿ ನಿಧಾನ ಮಾಡುವ. ಈ ದೀಪಾವಳಿ ಬಿಟ್ಟು ಮುಂದಿನ ದೀಪಾವಳಿಗೆ ಹೋಗುವ. ಆದರೆ ನನಗೆ ಸತ್ಯ ಗೊತ್ತಿರಬೇಕು. ಏನು ತಿಂದಿದ್ದಾನೆ ಅಂತ ನೋಡಿ ನಾನು ಭಾರ ಹಾಕುವುದು. ಮನೆ ಕಟ್ಟುವವರು ನೀವು, ನಿಮಗೆ ಹೇಳಬೇಕಾ? ಸಿಮೆಂಟ್ ಇಲ್ಲದೆ ಮಾಳಿಗೆ ಏರಿಸ್ಲಿಕ್ಕೆ ಆಗ್ತದಾ?"

ಅಪ್ಪ ಮೂಲೆಯಲ್ಲಿ ಕುಳಿತು ಎಲೆ ಹಾಕಿಕೊಳ್ಳುತ್ತಿದ್ದ. "ಖರೇ ಮಾತು. ಮಾಳಿಗಿ ಬಿದ್ರ ಸಿಮೆಂಟ್ ಕದ್ದಾವ ಸಿಗಂಗಿಲ್ರಿ, ಸ್ಲ್ಯಾಬ್ ಹಾಕಿದಾವ ಸಿಗತಾನ" ಎಂದ. ಆಮೇಲೆ ನನಗೆ, "ಔಷಧ ಅಂದ್ರ ಔಷಧ. ಗ್ಯಾಲರಿಯಾಗ ಬ್ಯಾರೆ ಸ್ಟೋವ್ ಇಟ್ಟು ಕುದಸು" ಎಂದ. ನಾನು "ಹೂಂ" ಅಂದೆ.

ಅಪ್ಪನೇ ಒಪ್ಪಿದ್ದ. ಒಪ್ಪದವಳು ನಾನು.

ಆ ದಿನಗಳಲ್ಲಿ ನನಗೊಂದು ಸಂಬಂಧ ಬಂದಿತ್ತು. ಹುಡುಗ ಬಾಂದ್ರಾದ ಒಂದು ಆಫೀಸಿನಲ್ಲಿ ಸಿಪಾಯಿ, ಪೆನ್ಷನ್ ಇರುವ ನೌಕರಿ. ನನಗೆ ಇಪ್ಪತ್ತಾರು ತುಂಬಿತ್ತು, ಎರಡು ಸಂಬಂಧ ತಪ್ಪಿ ಹೋಗಿದ್ದವು. ಹುಡುಗನ ತಾಯಿ ಎದುರಿನ ಬಿಲ್ಡಿಂಗಿನಲ್ಲೇ ಇದ್ದರು. ಪೂಜೆ, ಮಡಿ ಬಹಳ. ಹೇಳದೆ ಕೇಳದೆ ಬಂದು, ಒಲೆಯ ಹತ್ತಿರ ನಿಂತು, ಪಾತ್ರೆಗಳ ಕಡೆ ನೋಡುತ್ತಿದ್ದರು. ಗ್ಯಾಲರಿಯಲ್ಲಿ ತತ್ತಿ ಕುದಿಸಿದರೆ ಅವರ ಕಿಟಕಿಗೆ ಕಾಣದೆ ಇರುತ್ತದೆಯೇ?

ತಮ್ಮನಿಗೆ ಹೇಳಿದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. "ಮನ್ಯಾಗ ಬ್ಯಾಡ ಬಿಡಕ್ಕಾ. ಹೊರಗ ಇರಾಣಿ ಹೋಟೆಲ್‌ನ್ಯಾಗ ತಿಂದು ಬರ್ತೀನಿ."

"ಯಾರರ ನೋಡಿದ್ರ? ನನ್ನ ಬಾಳೇಕ ಕಲ್ಲ ಹಾಕ್ತಿಯೇನು?" ಅಂದೆ. ಅವನ ಕೈ ಹಿಡಿದು, ಅವನ ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಇಡಿಸಿದೆ. ತತ್ತಿ ಬಾಯಿಗೆ ಹಾಕುವುದಿಲ್ಲ ಅಂತ ಆಣೆ ಮಾಡಿಸಿದೆ.

"ಎಲ್ಲೀತನಕ?" ಎಂದು ಕೇಳಿದ.

"ನಾ ಬಿಡಸೂತನಕ."

ಸಂಜೀವಣ್ಣನಿಗೆ ಅಷ್ಟನ್ನು ಹೇಳಿದ್ದರೆ ಸಾಕಿತ್ತು. ಹೇಳಿದರೆ ಪರೀಕ್ಷೆ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಆದರೆ ತಮ್ಮನಿಗೆ ದೀಪಾವಳಿಗೆ ಕಂಪನಿ ನೌಕರಿ ಆಗುತ್ತದೆ ಎಂದು ನಾನು ಹುಡುಗನ ತಾಯಿಯ ಮುಂದೆ ಹೇಳಿಕೊಂಡಿದ್ದೆ. ನನಗೆ ಎರಡೂ ಬೇಕಾಗಿತ್ತು. ಮುಂದಿನ ಆದಿತ್ಯವಾರ ಅವರು "ಮೊಟ್ಟೆ ತಿನ್ನುತ್ತಾನಾ ತಂಗಿ?" ಎಂದು ಕೇಳಿದಾಗ, "ತಿಂತಾನ್ರಿ ಅಣ್ಣಾರ, ದಿನಾ ನಾಕು" ಎಂದೆ. ಶಿವಪುತ್ರ ನನ್ನ ಮುಖ ನೋಡಿದ. ಆಮೇಲೆ ಅವರ ಕಡೆ ನೋಡಿ ಹೌದೆಂದು ತಲೆಯಾಡಿಸಿದ.

ಮಳೆ ಹಿಡಿದ ದಿನದಿಂದ ಅವನು ಮೆಟ್ಟಿಲಲ್ಲೇ ಇದ್ದ. ಬೆಳಗ್ಗೆ ನಾಲ್ಕಕ್ಕೆ ನಲ್ಲಿ ಬಿಡುತ್ತಿದ್ದರು. ತಾನೊಬ್ಬನೇ ಚಾಳಿನ ಅರ್ಧ ಮನೆಗಳ ನೀರು ಏರಿಸಿ ಕೊಡುತ್ತಿದ್ದ. ಹೆಂಗಸರು "ಇವನ ಕಾಲು ಮುರದಿದ್ದ ಚಲೋ ಆತು ನೋಡವಾ" ಎಂದು ಚೇಷ್ಟೆ ಮಾಡಿದರೆ, "ಇನ್ನೊಂದೂ ಮುರಕೋತೀನಿ ತಡೀರಿ, ಬಟ್ಟೀನೂ ಒಗದ ಕೊಡತೀನಿ" ಅನ್ನುತ್ತಿದ್ದ. ಹಾಲು ಅರ್ಧ ಲೀಟರ್ ಎಂದು ಬರುತ್ತಿತ್ತು. ಹುಡುಗನ ಕಡೆಯವರು ಬಂದ ದಿನ ಅದು ಚಹಾಕ್ಕೆ ಹೋಗುತ್ತಿತ್ತು. ಅವರು ವಾರಕ್ಕೆ ನಾಲ್ಕು ದಿನ ಬರುತ್ತಿದ್ದರು.

ಶ್ರಾವಣ ಬಂತು. ಹುಡುಗನ ತಾಯಿ ನಮ್ಮ ಬಾಗಿಲಲ್ಲಿ ನಿಂತು, "ಮನಿ ಮಂದಿ ಎಲ್ಲಾರೂ ಒಪ್ಪತ್ತು ಹಿಡಿತೀರೇನವಾ?" ಎಂದು ಕೇಳಿದರು. ತಿಂಗಳು ಪೂರ್ತಿ ದಿನಕ್ಕೆ ಒಂದೇ ಊಟ. "ಹೌದ್ರಿ ಅತ್ತಿ, ತಮ್ಮನೂ ಹಿಡೀತಾನ" ಎಂದುಬಿಟ್ಟೆ. ಬಾಯಿಂದ ಬಂದ ಮಾತು, ಅಷ್ಟೇ. ಅವರು ಹೋದ ಮೇಲೆ ಅವನಿಗೆ ತಾಟು ಹಾಕಿದೆ. ಅವನು ಮುಟ್ಟಲಿಲ್ಲ.

"ಉಣ್ಣೋ, ಅಕಿ ಹೋದ್ಲು."

"ಹಿಡೀತಾನ ಅಂತ ನೀ ಹೇಳೀದಿ. ನಿನ್ನ ಮಾತು ಖೊಟ್ಟಿ ಆಗಬಾರದು. ಅಷ್ಟರ ನನ್ನ ಕೈಲಿ ಆಗತೈತಿ."

ಅಂದಿನಿಂದ ಸಂಜೆ ಒಮ್ಮೆ ಮಾತ್ರ ಉಂಡ. ನಾನು ಎರಡು ಸಲ ಬೇಡ ಅಂದೆ. ಮೂರನೇ ಸಲ ಅನ್ನಲಿಲ್ಲ.

ದಾರದ ಗಂಟು ಹಿಂದೆ ಬೀಳಲಿಲ್ಲ. ಸಂಜೀವಣ್ಣ ಎರಡೆರಡು ಸಲ ಸುತ್ತಿ ನೋಡಿದರು. "ನಾಲ್ಕು ಮೊಟ್ಟೆ ತಿಂದವನ ಮೀನಖಂಡ ಹೀಗೆ ಇರ್ಲಿಕ್ಕಿಲ್ಲ. ಸರಿಯಾಗಿ ಕೊಡ್ತಿ ಅಲ್ವಾ ತಂಗಿ?"

"ಕೊಡ್ತೀನ್ರಿ."

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಹಾಗಾದ್ರೆ ಊಟ ಸಾಕಾಗಿದೆ, ಭಾರ ಸಾಲುವುದಿಲ್ಲ" ಎಂದು ಮರಳಿನ ಚೀಲಕ್ಕೆ ಇನ್ನೂ ಐದು ಸೇರು ಮರಳು ಹಾಕಿಸಿದರು.

ಶ್ರಾವಣ ಮುಗಿಯಲು ನಾಲ್ಕು ದಿನ ಇತ್ತು. ಸಂಬಂಧ ಕುದುರಿತ್ತು, ನಾನು ನಿಶ್ಚಯಕ್ಕೆಂದು ಗೋಧಿ ಹಸನು ಮಾಡುತ್ತಿದ್ದೆ. ಮೆಟ್ಟಿಲಲ್ಲಿ ಒಣಗಿದ ಜೋಳದ ದಂಟು ಮುರಿದ ಹಾಗೆ ಸದ್ದಾಯಿತು, ಹಿಂದೆಯೇ ಚೀಲ ಬಿದ್ದ ಸದ್ದು. ಅವನು ಕೂಗಲಿಲ್ಲ. ಹೋಗಿ ನೋಡಿದಾಗ ಎರಡನೇ ಮಾಳಿಗೆಯ ತಿರುವಿನಲ್ಲಿ ಮರಳಿನ ನಡುವೆ ಕುಳಿತಿದ್ದ. ಕಾಲು ಸೊಟ್ಟಗೆ ತಿರುಗಿತ್ತು.

ಸಂಜೀವಣ್ಣ ಆಸ್ಪತ್ರೆಗೆ ಬಂದರು. ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ಒತ್ತಿ ನೋಡಿದರು. ಎಲ್ಲ ಬೆಳ್ಳಗೆ. ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ.

ಮಲಗಿದಲ್ಲಿಂದ ಅವನೇ ಮಾತಾಡಿದ. "ಅಕ್ಕ ದಿನಾ ನಾಕು ತಿನಿಸ್ಯಾಳ್ರಿ ಅಣ್ಣಾರ. ನನ್ನ ಎಲುಬ ಇಷ್ಟ."

ಸಂಜೀವಣ್ಣ ಮಂಚದ ಅಂಚಿಗೆ ಕುಳಿತರು. "ಇಲ್ಲ ಮಗಾ. ನಾನು ಭಾರ ಜಾಸ್ತಿ ಮಾಡಿದ್ದು. ನನ್ನ ಲೆಕ್ಕ ತಪ್ಪಿತು" ಎಂದರು. ಆ ದಾರ ಅವರ ಜೇಬಿನಲ್ಲೇ ಇತ್ತು. ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು. ಸಿಮೆಂಟ್ ಕದ್ದವನ ಬಗ್ಗೆ ಅಪ್ಪ ಹೇಳಿದ ಮಾತು ನನಗೆ ಆಗ ನೆನಪಾಯಿತು. ಆದರೂ ಬಾಯಿ ಬಿಡಲಿಲ್ಲ. ನಿಶ್ಚಯಕ್ಕೆ ಹನ್ನೊಂದು ದಿನ ಉಳಿದಿತ್ತು.

ಬಾಂದ್ರಾದ ಆ ಹೋಟೆಲಿನ ಹಿಂದೆ ಇನ್ನೂ ಇಬ್ಬರು ಹುಡುಗರು ಅವರ ಹತ್ತಿರ ಓಟ ಕಲಿಯುತ್ತಿದ್ದರು. ಅವರನ್ನೂ ಕಳಿಸಿಬಿಟ್ಟರಂತೆ. ವರ್ಷದೊಳಗೆ ಸಂಜೀವಣ್ಣ ಊರಿಗೆ ಹೋದರು. ತಾನೇ ಒಬ್ಬ ಹುಡುಗನ ಕಾಲು ಕೆಡಿಸಿದೆ ಎಂದು ತಿಳಿದುಕೊಂಡೇ ಹೋದರು.

ನನ್ನ ಮದುವೆ ಆಯಿತು. ಮೂರನೇ ವಾರ ಗಂಡ ನನ್ನನ್ನು ಬಾಂದ್ರಾಕ್ಕೆ ಕರೆದುಕೊಂಡು ಹೋಗಿ, ಸ್ಟೇಷನ್ ಹತ್ತಿರದ ಇರಾಣಿ ಹೋಟೆಲಿನಲ್ಲಿ ಕೂಡಿಸಿದರು. ಹೋಟೆಲಿನವನು ಏನೂ ಕೇಳದೆ ಅವರ ಮುಂದೆ ಆಮ್ಲೆಟ್ ಪಾವ್ ತಂದಿಟ್ಟ. ದಿನದ ಗಿರಾಕಿ. "ಅವ್ವನ ಮುಂದ ಅನಬ್ಯಾಡ ಮತ್ತ. ನೀನೂ ಒಂದು ತುತ್ತು ತಗೋ" ಎಂದು ನಕ್ಕರು. ನಾನು ಎದ್ದು ಹೊರಗೆ ಬಂದು ಫುಟ್‌ಪಾತಿನಲ್ಲಿ ನಿಂತೆ. ವಾಸನೆಗೆ ಹೇಸಿದೆ ಎಂದುಕೊಂಡರು ಅವರು. ಒಳ್ಳೆಯ ಮನುಷ್ಯ. ಅವರಿಗೂ ನಾನು ಹೇಳಲಿಲ್ಲ.

ಶಿವಪುತ್ರನ ಬಲಗಾಲು ಎರಡು ಬೆರಳು ಗಿಡ್ಡವಾಗಿ ಕೂಡಿಕೊಂಡಿತು. ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಮುಚ್ಚಳ ಒತ್ತುವ ಮಶೀನಿನ ಮುಂದೆ ಕುಳಿತು ಮಾಡುವ ಕೆಲಸ ಸಿಕ್ಕಿತು. ಅಲ್ಲೇ ಇಬ್ಬರ ಜೊತೆ ಖೋಲಿ ಹಿಡಿದ. ಹೆಣ್ಣು ಕೊಡುವವರು ಕಾಲು ನೋಡಿ ಹೋದರು. ತಿಂಗಳಿಗೊಮ್ಮೆ ಆದಿತ್ಯವಾರ, ಚಾಳಿನ ಎದುರಿಗೇ ಇದ್ದ ನನ್ನ ಗಂಡನ ಮನೆಗೆ ಬರುತ್ತಿದ್ದ. ಹಾಗೆ ಏಳು ವರ್ಷ ಬಂದ. ನಿಮಿಷ ಹೇಳುವುದನ್ನು ಬಿಟ್ಟಿರಲಿಲ್ಲ. ಎದ್ದು ಹೊರಡುವಾಗ, "ಬರ್ತೀನಕ್ಕಾ. ವಡಾಳಾ ನಲವತ್ತ ನಿಮಿಷ" ಅನ್ನುತ್ತಿದ್ದ. ಹಿಂದಿನಂತೆ ನಗುತ್ತಲೇ ಹೇಳುತ್ತಿದ್ದ.

ಕೊನೆಯ ಸಲ ಬಂದಾಗ ಕೆಮ್ಮುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು. ಊಟವಾದ ಮೇಲೆ ತಾಟಿನಲ್ಲಿ ಕೈ ತೊಳೆದು, ನನ್ನ ಕಡೆ ನೋಡದೆ ಕೇಳಿದ. "ಅಕ್ಕಾ, ಕಾರ್ಖಾನೆ ಡಾಕ್ಟರ್ ತತ್ತಿ ತಿನ್ನು ಅಂದಾನ. ಆ ಆಣಿ ಇನ್ನೂ ಐತೇನು?"

ಏಳು ವರ್ಷ. ನಾನದನ್ನು ಮರೆತಿದ್ದೆ. ತತ್ತಿಯನ್ನು ಮರೆತಿರಲಿಲ್ಲ, ಆಣೆಯನ್ನು ಮರೆತಿದ್ದೆ. ಅವನ ಖೋಲಿಯಲ್ಲಿದ್ದವರು ದಿನಾ ತತ್ತಿ ತಿನ್ನುವವರು. ಅವರ ನಡುವೆ ಇವನು ಏಳು ವರ್ಷ ಅದನ್ನು ಹಿಡಿದು ಕುಳಿತಿದ್ದ.

ಒಳಗಿನ ಖೋಲಿಯಲ್ಲಿ ಅತ್ತೆ ಜಪ ಮಾಡುತ್ತಿದ್ದರು. ಮಣಿಯ ಸದ್ದು ನಿಂತಿತ್ತು. ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಅನಿಸಿತು. ನಾನು ಒಲೆಯ ಕಡೆ ತಿರುಗಿ, "ಈಗ್ಯಾಕ ಆ ಮಾತು? ಮುಂದಿನ ಸರ್ತಿ ಬಂದಾಗ ಮಾತಾಡೂಣಂತ" ಎಂದೆ.

"ಆತು" ಎಂದ. ಚಪ್ಪಲಿ ಮೆಟ್ಟಿದ. "ವಡಾಳಾ ಐವತ್ತ ನಿಮಿಷ."

ಹನ್ನೆರಡು ದಿನಗಳ ಮೇಲೆ, ಸಂಜೆ ಪಾಳಿ ಬಿಟ್ಟಾಗ, ಜೋಗೇಶ್ವರಿಯಲ್ಲಿ ಎಲ್ಲರೂ ದಾಟುವ ಹಾಗೆ ಅವರು ಐದು ಮಂದಿ ಹಳಿ ದಾಟುತ್ತಿದ್ದರು. ಲೋಕಲ್ ಬರುವುದು ಕಾಣಿಸಿತು. ನಾಲ್ವರು ಓಡಿದರು. ಅವರಲ್ಲೊಬ್ಬ ಹೆಣದ ಜೊತೆ ಬಂದಿದ್ದ. ನನಗೆ ಸಮಾಧಾನ ಹೇಳಲೆಂದು, "ಬಹಳ ದೂರ ಇರಲಿಲ್ಲ ಅಕ್ಕಾ. ನಾಲ್ಕು ಹೆಜ್ಜೆ" ಎಂದ.

ಅವನ ಕೊರಳಿನ ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಅಂದು ಅವನ ಕೈ ಇಡಿಸಿದ ಹಾಗೆ ಅದರ ಮೇಲೆ ನನ್ನ ಕೈ ಇಟ್ಟು, "ಬಿಡಸೀನಿ" ಎಂದೆ. ಅಲ್ಲಿದ್ದವರು ಕರಡಿಗೆಯ ದಾರದ ಗಂಟು ಬಿಡಿಸುತ್ತಿದ್ದೇನೆ ಎಂದುಕೊಂಡು, ಕತ್ತರಿ ತಂದುಕೊಟ್ಟರು.