ಸನ್ಮಾನದ ಲಾರಿಗೆ ಬಿಟ್ಟ ದಾರಿ

ತಮಿಳುನಾಡಿಗೆ ಸೇರಿದ ತಾಳವಾಡಿ ಸೀಮೆಯ ನಮ್ಮೂರ ಪಂಚಾಯಿತಿಗೆ ವರ್ಷಾವರ್ಷ ಬಜೆಟ್ ಬರೆದವರು ಗುಮಾಸ್ತ ಗುರುಸ್ವಾಮಿ. ಮೆಂಬರುಗಳು ಬಂದರು, ಹೋದರು. ಬಜೆಟ್ ಮಾತ್ರ ಅವರದೇ. ತಮಿಳಿನಲ್ಲಿ ಬರೆದು, ಸಭೆಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಯಾರಾದರೂ ಕಮಾನು, ಸನ್ಮಾನ ಅಂತ ಬಾಯಿ ತೆರೆದರೆ ಒಂದೇ ಮಾತು: "ಮೊದ್ಲು ಆನೆ ಕಂದಕ." ಚಿಕ್ಕತಾಯಮ್ಮನ ಗಂಡನನ್ನು ಆನೆ ತುಳಿದು ಕೊಂದ ಮೇಲೆ ಕಾಡಂಚಿಗೆ ಅಗೆಸಿದ್ದ ಕಂದಕ ಅದು. ಆಕೆಯ ಮನೆ ಅದರ ಪಕ್ಕದಲ್ಲೇ. ಅದರ ರಿಪೇರಿ ವಿಷಯದಲ್ಲಿ ಜಪ್ಪಯ್ಯ ಅಂದರೂ ಮನುಷ್ಯ ಬಗ್ಗುತ್ತಿರಲಿಲ್ಲ. ನಮಗೆಲ್ಲ ಅವರ ಮೇಲೆ ಸಿಟ್ಟೇ ಇತ್ತು.

2006ರಲ್ಲಿ ಅವರು ನಿವೃತ್ತರಾದಾಗ ಸಿಟ್ಟು ಮರೆತು ಊರವರೇ ಸನ್ಮಾನ ಇಟ್ಟೆವು. ಶಾಮಿಯಾನದ ಲಾರಿ ಊರ ಓಣಿಯಲ್ಲಿ ಹಿಡಿಯಲಿಲ್ಲ. ಕಾಡಿನ ಕಡೆಯಿಂದ ತರುತ್ತೇವೆ, ಕಂದಕಕ್ಕೆ ದಿಮ್ಮಿ ಅಡ್ಡ ಹಾಕಿ ಮಣ್ಣು ಹೊದಿಸುತ್ತೇವೆ ಅಂತ ಮೆಂಬರ್ ಮೋಹನ್ ಕೇಳಿದ. ಗುರುಸ್ವಾಮಿ ಹೆಂಡತಿ ಪುಟ್ಟನಂಜಮ್ಮನ ಕಡೆ ನೋಡಿದರು. ಆಕೆ ಆಗಲೇ ಹೊಸ ಸೀರೆ ತೆಗೆದಿಟ್ಟಿದ್ದರು.

"ಒಂದ್ ದಿನ ತಾನೆ. ಬೈಗಾಗೋದ್ರೊಳ್ಗೆ ತೆಗ್ದುಬುಡಿ," ಅಂದರು ಗುರುಸ್ವಾಮಿ.

"ನೀವೂ ಇಂಗಂದ್ರೆ ಎಂಗಣ್ಣ?" ಅಂದಳು ಚಿಕ್ಕತಾಯಮ್ಮ. ಅವರು ಮೋಹನನಿಗೆ ಹೋಗು ಅಂತ ಕೈ ಮಾಡಿದರು. ಆಸೆ ಯಾರನ್ನು ಬಿಟ್ಟಿದೆ? ಸನ್ಮಾನಕ್ಕೆ ಚಿಕ್ಕತಾಯಮ್ಮ ಬರಲೂ ಇಲ್ಲ.

ಭಾಷಣ ಎಳೆದೂ ಎಳೆದೂ ಹೊತ್ತು ಮುಳುಗಿತು, ದಿಮ್ಮಿಗಳು ಹಾಗೇ ಇದ್ದವು. ಹೊಗಳುವುದಕ್ಕೆ ನಮ್ಮವರಿಗೆ ಮೈಕ್ ಸಿಕ್ಕರೆ ಮುಗಿಯಿತು. ಹಾರ ಹಾಕಿಕೊಂಡು ಕೂತಿದ್ದ ಗುರುಸ್ವಾಮಿಯ ಕಣ್ಣೆಲ್ಲ ಕಂದಕದ ಕಡೆಗೇ. ಆ ದಿಕ್ಕಿನಲ್ಲಿ ಬೊಗಳುತ್ತಿದ್ದ ನಾಯಿಗಳು ಒಮ್ಮೆಲೇ ಸುಮ್ಮನಾದವು. ಅವರು ಎದ್ದು ವೇದಿಕೆ ಇಳಿದೇಬಿಟ್ಟರು. ನಾನು, ಕೂಲಿಗೆ ಹೋಗುವ ಮಾದು, ಇನ್ನು ನಾಲ್ಕು ಜನ ಹಿಂದೆ ಓಡಿದೆವು.

ಶಾಲು ಕಳಚಿಟ್ಟು ಅವರೇ ಮೊದಲು ಕೈ ಹಾಕಿದರು. ದಿಮ್ಮಿಗಳನ್ನೆಲ್ಲ ಎಳೆದು ಹಾಕಿದೆವು.

"ಇನ್ನು ಆನೆ ಬರಾಕಾಗಲ್ಲ ಬುಡಿ," ಅಂದ ಮಾದು.

ಗುರುಸ್ವಾಮಿ ನೆಲಕ್ಕೆ ಟಾರ್ಚ್ ಬಿಟ್ಟರು. ಹಸಿ ಮಣ್ಣಿನಲ್ಲಿ ಮೊರದಗಲದ ಹೆಜ್ಜೆಗಳು. ಎಲ್ಲವೂ ಊರಿನ ಕಡೆಗೆ. ಕಾಡಿನ ಕಡೆ ತಿರುಗಿದ್ದು ಒಂದೂ ಇಲ್ಲ.

"ಒಳ್ಗದೆ ಕಣ್ಲಾ," ಅಂದರು. "ಅದು ವಾಪಸ್ ಓಗೋ ದಾರೀನೂ ನಾವೇ ಕಿತ್ತಾಕ್ಬುಟ್ಟೊ."

ಹೆಜ್ಜೆಗಳು ಚಿಕ್ಕತಾಯಮ್ಮನ ಅಂಗಳಕ್ಕೆ ಹೋಗಿದ್ದವು. ಸಂಜೆಗೇ ದೀಪ ಹಚ್ಚುವ ಮನೆ, ಕತ್ತಲಾಗಿತ್ತು. ಗುರುಸ್ವಾಮಿ ಆಕೆಯ ಹೆಸರು ಹಿಡಿದು ಕೂಗಿದರು. ಅತ್ತ ಮೋಹನ್ ಮೈಕಿನಲ್ಲಿ ಗುರುಸ್ವಾಮಿಯ ಹೆಸರು ಕೂಗುತ್ತಿದ್ದ.